ಗಂಗಾಮೂಲದಿಂದ ಫಿಲಡೆಲ್ಫಿಯಾಕ್ಕೆ

ಕಳೆದ ವರ್ಷ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಅಲ್ಲಿ ಒಂದು ಸಣ್ಣ ವ್ಯಾಜ್ಯ ನಡೆದಿತ್ತು. ತಂಗಿಯ ಮಗಳು ಪದವಿ ಮುಗಿಸಿ, ಶಿಶುಶಿಕ್ಷಣ ಹಾಗೂ ಶಿಶುಪಾಲನೆಯನ್ನು ವ್ಯಾಸಂಗ ಮಾಡಲು ನ್ಯೂಜಿಲೆಂಡಿಗೆ ಹೊರಟು ನಿಂತಿದ್ದಳು. ಪ್ರವೇಶಪತ್ರ ಬಂದಿತ್ತು, ಬ್ಯಾಂಕಿನ ಸಾಲವೂ ಮಂಜೂರಾಗಿತ್ತು. ಅವಳ ತಂದೆ ಮಾತ್ರ ಮುಖ ಗಂಟಿಕ್ಕಿಕೊಂಡು ಕುಳಿತಿದ್ದರು. ನನ್ನನ್ನು ಕಂಡೊಡನೆಯೇ, “ನೀವೇ ಹೇಳಿ ಭಾವ, ಮಕ್ಕಳನ್ನು ಆಡಿಸುವುದನ್ನು ಕಲಿಯಲು ಇಷ್ಟು ದುಡ್ಡು ಸುರಿದು ಸಮುದ್ರ ದಾಟಬೇಕೆ? ನಮ್ಮಮ್ಮ ಎಂಟು ಮಕ್ಕಳನ್ನು ಸಾಕಿದವಳು. ಅವಳಿಗೆ ಯಾರು ಸರ್ಟಿಫಿಕೇಟು ಕೊಟ್ಟಿದ್ದರು?” ಎಂದರು. ಹುಡುಗಿ ಬಾಗಿಲ ಬಳಿ ನಿಂತು, “ಮಾವ, ನೀವಾದರೂ ಅಪ್ಪನಿಗೆ ಹೇಳಿ” ಎಂಬಂತೆ ನೋಡುತ್ತಿದ್ದಳು.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಶಿಶುಶಿಕ್ಷಣದ ತಜ್ಞನಲ್ಲ. ಆದರೆ ನನ್ನ ಭಾವನವರ ಪ್ರಶ್ನೆಗೆ ಬಹುಹಿಂದೆಯೇ ತನ್ನ ಬಾಳಿನಿಂದ ಉತ್ತರ ಕೊಟ್ಟ ಒಬ್ಬ ಹೆಣ್ಣುಮಗಳನ್ನು ನಾನು ಬಲ್ಲೆ. ಆಕೆ ಹುಟ್ಟಿದ್ದು ನಮ್ಮ ನಾಡಿನ ಕಾಡಿನಲ್ಲಿ. ವಿದ್ಯಾರ್ಥಿನಿಯಾಗಿ ಶಿಶುವಿಹಾರದ ವಿದ್ಯೆಯನ್ನು ಕಲಿತದ್ದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, 1886ರಲ್ಲಿ. ಅಂದು ಸಂಜೆ ಭಾವನವರಿಗೆ ಹೇಳಿದ ಆ ವೃತ್ತಾಂತವನ್ನೇ ಇಂದು ಸ್ವಲ್ಪ ವಿಸ್ತರಿಸಿ ಕೇಳುಗರ ಮುಂದಿಡುತ್ತಿದ್ದೇನೆ. ಆಕೆ ಪಂಡಿತಾ ರಮಾಬಾಯಿ.

ಕಾರ್ಕಳದಿಂದ ಮಾಳದ ಮೇಲೆ ಘಾಟಿ ಹತ್ತಿ ಕುದುರೆಮುಖದ ಕಡೆಗೆ ಹೋದವರು ಆ ಕಾಡಿನ ಗಾಂಭೀರ್ಯವನ್ನು ಬಲ್ಲರು. ಮಾಳದಲ್ಲಿ ಚಿತ್ಪಾವನ ಬ್ರಾಹ್ಮಣರ ಮನೆಗಳು ಇಂದಿಗೂ ಇವೆ. ಅಲ್ಲಿನ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದಾಗ ಜನ ಆಕ್ಷೇಪವೆತ್ತಿದರು. ಶಾಸ್ತ್ರಿಗಳು ಉಡುಪಿಗೆ ಹೋಗಿ, ಮಠಾಧಿಪತಿಗಳ ಮತ್ತು ಪಂಡಿತರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಪುರಾಣಾದಿ ಸಂಸ್ಕೃತ ಗ್ರಂಥಗಳನ್ನು ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಆಧಾರಸಹಿತ ವಾದಿಸಬೇಕಾಯಿತು. ಸಭೆ ಅದನ್ನು ಒಪ್ಪಿತು. ಬಳಿಕ ಅವರು ಗಂಗಾಮೂಲದ ಕಾಡಿನಲ್ಲಿ ಆಶ್ರಮದಂಥ ಮನೆಯೊಂದನ್ನು ಕಟ್ಟಿಕೊಂಡು ವಾಸಮಾಡಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಆಕೆ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ಹೊತ್ತು ಬೆಟ್ಟದಿಂದ ಕೆಳಗಿಳಿಸಿದರಂತೆ. ಹೀಗೆಂದು ರಮಾಬಾಯಿಯವರೇ 1907ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ.

ಆಕೆಗೆ ಶಾಲೆಯೆಂಬುದೇ ಇರಲಿಲ್ಲ. ಇಂದು ಈ ಕ್ಷೇತ್ರ, ನಾಳೆ ಆ ಕ್ಷೇತ್ರ. ವೃದ್ಧರಾದ ತಂದೆಗೆ ಪಾಠ ಹೇಳುವ ಶಕ್ತಿ ಕುಂದಿದ್ದರಿಂದ ತಾಯಿಯೇ ಗುರುವಾದರು. ನಸುಕಿನಲ್ಲಿ, ಮನೆಗೆಲಸಗಳು ಆರಂಭವಾಗುವ ಮುಂಚೆ, ನಿದ್ದೆಗಣ್ಣಿನ ಮಗಳನ್ನು ಮುದ್ದಿಸಿ ಎಬ್ಬಿಸಿ ಬಾಯಿಪಾಠ ಹೇಳಿಸುತ್ತಿದ್ದರು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಕಂಠಸ್ಥವಾಗಿದ್ದವೆಂಬ ಪ್ರತೀತಿಯಿದೆ. ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿಗಳು ಅಲೆದಾಟದಲ್ಲಿಯೇ ನಾಲಗೆಗೆ ಹತ್ತಿದವು. ನನ್ನ ಭಾವನವರ ತಾಯಿಗಿದ್ದ ವಿದ್ಯೆ ಲಕ್ಷ್ಮೀಬಾಯಿಗೂ ಇತ್ತು, ಸರ್ಟಿಫಿಕೇಟು ಇರಲಿಲ್ಲ. ಈ ಮಾತನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಮುಂದಿನ ದುರಂತಗಳನ್ನು ಬೇಗ ಹೇಳಿ ಮುಗಿಸುವೆ. 1874ರಲ್ಲಿ ಕ್ಷಾಮದ ಬವಣೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ನಡೆದೇ ದೇಶ ಸುತ್ತಿದ ರಮಾ 1878ರಲ್ಲಿ ಕಲ್ಕತ್ತೆಗೆ ಬಂದಳು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನ ಮರಣ; ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹ; 1881ರಲ್ಲಿ ಮಗಳು ಮನೋರಮಾ; 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆಯಿಂದ ಪತಿಯ ಮರಣ. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆ, ಕೈಯಲ್ಲೊಂದು ಹಸುಗೂಸು.

1883ರಲ್ಲಿ ವೈದ್ಯವಿದ್ಯೆ ಕಲಿಯುವ ಆಸೆಯಿಂದ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿದ್ದಾಗ ಅದೇ ವರ್ಷ ಕ್ರೈಸ್ತಮತವನ್ನು ಸ್ವೀಕರಿಸಿದರು. ಮತಾಂತರವನ್ನು ಕುರಿತು ಆಗಲೂ ಈಗಲೂ ಬಹಳ ಚರ್ಚೆ ನಡೆದಿದೆ. ಅದು ನನ್ನ ಇಂದಿನ ವಿಷಯವಲ್ಲ. ಬಳಿಕ ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಎರಡು ವರ್ಷ ವ್ಯಾಸಂಗ. ಅಷ್ಟರಲ್ಲಿ ಫಿಲಡೆಲ್ಫಿಯಾದಿಂದ ಕರೆ ಬಂತು. ಅಲ್ಲಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ, ರಮಾಬಾಯಿಯವರಿಗೆ ದೂರದ ಬಂಧುವೂ ಆಗಿದ್ದ ಆನಂದಿಬಾಯಿ ಜೋಶಿ 1886ರ ಮಾರ್ಚ್ 11ರಂದು ವೈದ್ಯ ಪದವಿ ಪಡೆಯುವವರಿದ್ದರು. ಕಾಲೇಜಿನ ಮುಖ್ಯಸ್ಥೆ ಡಾ. ರೇಚಲ್ ಬಾಡ್ಲಿ ಆ ಸಮಾರಂಭಕ್ಕೆ ಬರಬೇಕೆಂದು ಆಹ್ವಾನಿಸಿದ್ದರು. ಇನ್ನೂ ಐದು ತುಂಬದ ಮಗಳ ಕೈಹಿಡಿದು ರಮಾಬಾಯಿ ಅಟ್ಲಾಂಟಿಕ್ ದಾಟಿದರು. ಸ್ವಲ್ಪ ದಿನವಿದ್ದು ಹಿಂದಿರುಗುವ ಉದ್ದೇಶ. ಆದರೆ ಉಳಿದದ್ದು ಎರಡೂವರೆ ವರ್ಷಕ್ಕೂ ಮೇಲೆ. ಹಾಗೆ ಅವರನ್ನು ಹಿಡಿದು ನಿಲ್ಲಿಸಿದ ಸಂಗತಿಗಳಲ್ಲಿ ಮುಖ್ಯವಾದದ್ದು ಕಿಂಡರ್‌ಗಾರ್ಟನ್.

ಈ ಪದವನ್ನು ನಾವು ಎಷ್ಟು ಸವೆಸಿದ್ದೇವೆಂದರೆ, ಅದರ ಹಿಂದೊಂದು ಹೋರಾಟವಿತ್ತೆಂಬುದೇ ಮರೆತುಹೋಗಿದೆ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಉಣ್ಣೆಯ ಆರು ಚೆಂಡುಗಳು. ಮರದ ಗೋಲ, ಘನ, ಉರುಳೆ. ಎಂಟು ತುಂಡುಗಳಾಗಿ ಬಿಚ್ಚಿ ಮತ್ತೆ ಕೂಡಿಸಬಹುದಾದ ಮರದ ಘನ — ಇವೇ ಮಕ್ಕಳ ಮೊದಲ ಪಾಠಸಾಮಗ್ರಿ. ಇವುಗಳಿಗೆ ‘ಕೊಡುಗೆ’ಗಳೆಂದು ಹೆಸರು. ಕಾಗದ ಮಡಿಸುವುದು, ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡುವುದು ಕೈಗೆಲಸಗಳು. ಆಟವೆಂಬುದು ಕಲಿಕೆಯ ನಡುವಿನ ವಿರಾಮವಲ್ಲ, ಆ ವಯಸ್ಸಿನಲ್ಲಿ ಅದೇ ಕಲಿಕೆ ಎಂಬುದು ಆತನ ಸಿದ್ಧಾಂತ. ಪ್ರಶ್ಯದ ಸರಕಾರಕ್ಕೆ ಇದರಲ್ಲಿ ನಾಸ್ತಿಕತೆಯ ವಾಸನೆ ಬಡಿದು 1851ರಲ್ಲಿ ಶಿಶುವಿಹಾರಗಳನ್ನೇ ನಿಷೇಧಿಸಿತು! ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಆದರೆ ನನ್ನ ಭಾವನವರಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದು ಸಂಗತಿ. 1844ರಲ್ಲಿ ಫ್ರೋಬೆಲ್ ಪ್ರಕಟಿಸಿದ ಒಂದು ಪುಸ್ತಕವಿದೆ; ತಾಯಂದಿರು ಕೂಸುಗಳೊಡನೆ ಆಡುವ ಬೆರಳಾಟ, ಕೈಯಾಟ, ಲಲ್ಲೆಹಾಡುಗಳಿಗೆ ಸಂಬಂಧಿಸಿದ್ದು. ಹಳ್ಳಿಯ ತಾಯಂದಿರು ತಮಗರಿವಿಲ್ಲದೆ ಮಾಡುವುದನ್ನು ಆತ ಕುಳಿತು ನೋಡಿದ, ಅದರಲ್ಲಿ ಕ್ರಮವನ್ನು ಕಂಡ, ಶಾಸ್ತ್ರವಾಗಿಸಿದ. ಎಂಟು ಮಕ್ಕಳನ್ನು ಸಾಕಿದ ತಾಯಿಗೆ ಸರ್ಟಿಫಿಕೇಟು ಬೇಡ, ನಿಜ. ಸರ್ಟಿಫಿಕೇಟಿನ ಶಾಸ್ತ್ರವೇ ಅವಳಿಂದ ಬಂದದ್ದು. ಆದರೆ ಅವಳು ತನ್ನ ಎಂಟು ಮಕ್ಕಳಿಗೆ ಮಾಡಿದ್ದನ್ನು, ತಾಯಿಯಿಲ್ಲದ ಅಥವಾ ತಾಯಿಗೆ ಬಿಡುವಿಲ್ಲದ ಎಂಬತ್ತು ಮಕ್ಕಳಿಗೆ ಇನ್ನೊಬ್ಬಳು ಮಾಡಬೇಕಾದಾಗ ಅದನ್ನು ಕಲಿಯಲೇಬೇಕಾಗುತ್ತದೆ.

ಕಲಿಯಲು ದೂರ ಹೋದವರಲ್ಲಿ ರಮಾಬಾಯಿಯೇ ಮೊದಲಿಗರಲ್ಲ. ಬಾಸ್ಟನ್ನಿನ ಎಲಿಜಬೆತ್ ಪೀಬಡಿ 1860ರಲ್ಲಿ ಪುಸ್ತಕದ ಬಲದಿಂದಲೇ ಒಂದು ಶಿಶುವಿಹಾರ ತೆರೆದರು. ಏಳು ವರ್ಷ ನಡೆಸಿದ ಮೇಲೆ, ತಾವು ನಡೆಸುತ್ತಿರುವುದು ಶಿಶುವಿಹಾರವೇ ಅಲ್ಲವೇನೋ ಎಂಬ ಸಂಶಯ ಬಲಿತು, ಅರವತ್ತಮೂರನೆಯ ವಯಸ್ಸಿನಲ್ಲಿ ಯೂರೋಪಿಗೆ ಹೋಗಿ ಫ್ರೋಬೆಲನ ಶಿಷ್ಯೆಯರು ಪಾಠ ಹೇಳುವುದನ್ನು ಕಣ್ಣಾರೆ ಕಂಡು ಬಂದರು. ಹಿಂದಿರುಗಿದವರು ತಮ್ಮ ಹಳೆಯ ಪ್ರಯತ್ನ ತಪ್ಪೆಂದು ಬಹಿರಂಗವಾಗಿ ಹೇಳಿದರು. ನನ್ನ ವಯಸ್ಸಿನ ಅಧ್ಯಾಪಕರಲ್ಲಿ ಎಷ್ಟು ಮಂದಿಗೆ ಈ ಎದೆಗಾರಿಕೆ ಇದ್ದೀತು? ಪೀಬಡಿಯಂಥವರ ದುಡಿಮೆಯಿಂದಾಗಿ, ರಮಾಬಾಯಿ ಕಾಲಿಟ್ಟ ಹೊತ್ತಿಗೆ ಅಮೆರಿಕದ ದೊಡ್ಡ ನಗರಗಳಲ್ಲಿ ಬಡಮಕ್ಕಳಿಗೂ ಶಿಶುವಿಹಾರಗಳಿದ್ದವು. ಶಿಕ್ಷಕಿಯರನ್ನು ತಯಾರುಮಾಡುವ ಶಾಲೆಗಳೂ ಇದ್ದವು.

1886ರ ಸೆಪ್ಟೆಂಬರಿನಲ್ಲಿ ರಮಾಬಾಯಿ ಫಿಲಡೆಲ್ಫಿಯಾದ ಅಂಥದೊಂದು ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದರು. ಆಗ ವಯಸ್ಸು ಇಪ್ಪತ್ತೆಂಟು. ಅಂದಿನ ತರಬೇತಿ ಶಾಲೆಗಳಲ್ಲಿ ಬೆಳಿಗ್ಗೆ ಮಕ್ಕಳ ನಡುವೆ ಕೆಲಸ, ಆಮೇಲೆ ಉಪನ್ಯಾಸ ಎಂಬುದು ಸಾಮಾನ್ಯ ಕ್ರಮ. ಮಡಿಸಿದ, ಹೆಣೆದ, ಹೊಲಿದ ಕಾಗದದ ಮಾದರಿಗಳನ್ನೆಲ್ಲ ಅಂಟಿಸಿ ಪ್ರತಿ ವಿದ್ಯಾರ್ಥಿನಿಯೂ ತನ್ನದೇ ಪುಸ್ತಕ ಮಾಡಿಕೊಳ್ಳಬೇಕಿತ್ತು. ಕಲ್ಕತ್ತೆಯ ಪಂಡಿತರಿಂದ ‘ಸರಸ್ವತಿ’ ಎನಿಸಿಕೊಂಡವರು ಬಣ್ಣದ ಕಾಗದ ಮಡಿಸುವುದನ್ನು ಕಲಿಯಲು ಕುಳಿತ ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದು ವಿದ್ವತ್ತಿನಿಂದ ಒಂದು ಮೆಟ್ಟಿಲು ಇಳಿದದ್ದೆಂದು ನನಗನಿಸುವುದಿಲ್ಲ. ಉಡುಪಿಯ ಸಭೆಯಲ್ಲಿ ತಂದೆ ಹೆಣ್ಣಿನ ಕಲಿಕೆಗಾಗಿ ವಾದಿಸಿದರು; ಮಗಳು ಆ ವಾದವನ್ನು ಇನ್ನಷ್ಟು ಎಳೆಯ ವಯಸ್ಸಿಗೆ ಒಯ್ದರು, ಅಷ್ಟೆ.

ಅವರ ಕಣ್ಣೆದುರಿಗಿದ್ದದ್ದು ನಮ್ಮ ದೇಶದ ಬಾಲವಿಧವೆಯರು. 1887ರಲ್ಲಿ ಫಿಲಡೆಲ್ಫಿಯಾದಲ್ಲಿಯೇ ಪ್ರಕಟವಾದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಎಂಬ ಅವರ ಇಂಗ್ಲಿಷ್ ಗ್ರಂಥ ಇದನ್ನು ಸ್ಪಷ್ಟಪಡಿಸುತ್ತದೆ. ವಿಧವೆಯರಿಗೆ ಆಶ್ರಯ ಕೊಟ್ಟರೆ ಸಾಲದು, ಶಿಕ್ಷಕಿ, ದಾದಿ ಮುಂತಾದ ವೃತ್ತಿಗಳನ್ನು ಕಲಿಸಿ ಅವರನ್ನು ಸ್ವಂತ ಕಾಲಮೇಲೆ ನಿಲ್ಲಿಸಬೇಕೆಂಬುದು ಅಲ್ಲಿನ ಬೇಡಿಕೆ. ಒಂಬತ್ತು ವರ್ಷಕ್ಕೇ ತಾಳಿ ಕಳೆದುಕೊಂಡ ಹುಡುಗಿ ಮೊದಲು ತಾನೇ ಆಡಬೇಕು. ಬೆಳೆದ ಮೇಲೆ ಇತರ ಮಕ್ಕಳನ್ನು ಆಡಿಸಿ ಅನ್ನ ಸಂಪಾದಿಸಬಹುದು. ಒಂದೇ ವಿದ್ಯೆ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಫಿಲಡೆಲ್ಫಿಯಾದಲ್ಲಿದ್ದಾಗಲೇ ಅವರು ನಮ್ಮ ಹೆಣ್ಣುಮಕ್ಕಳಿಗಾಗಿ ಮರಾಠಿ ಪಾಠಪುಸ್ತಕಗಳನ್ನೂ ಸಿದ್ಧಪಡಿಸತೊಡಗಿದರು.

ಇನ್ನು ಹೇಳಲು ಮನಸ್ಸು ಹಿಂಜರಿಯುವ ಭಾಗ. ಓದು, ಬರಹ, ಊರೂರಿಗೆ ಭಾಷಣ — ಇವುಗಳ ನಡುವೆ ತಮ್ಮ ಮಗಳನ್ನು ಬಳಿಯಲ್ಲಿರಿಸಿಕೊಳ್ಳಲು ರಮಾಬಾಯಿಯವರಿಗೆ ಸಾಧ್ಯವಾಗಲಿಲ್ಲ. ಎಳೆಯ ಮನೋರಮೆಯನ್ನು ಇಂಗ್ಲೆಂಡಿಗೆ, ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರ ಬಳಿಗೆ ಕಳುಹಿಸಿಕೊಟ್ಟರು. ಪರರ ಮಕ್ಕಳನ್ನು ಪೋಷಿಸುವ ವಿದ್ಯೆ ಕಲಿಯಲು ಬಂದ ತಾಯಿಯ ಸ್ವಂತ ಕೂಸು ಸಾಗರದಾಚೆ, ಪರರ ಪೋಷಣೆಯಲ್ಲಿ! ಆ ಸಿಸ್ಟರಿಗೆ ರಮಾಬಾಯಿ ಬರೆದ ಪತ್ರಗಳು 1977ರಲ್ಲಿ ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಗ್ರಂಥರೂಪವಾಗಿ ಬಂದಿವೆ. ಸಿಸ್ಟರನ್ನು ಅವರು ಮರಾಠಿಯಲ್ಲಿ ‘ಆಜೀಬಾಯಿ’, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅಷ್ಟು ಸಲುಗೆಯಿದ್ದರೂ, ಮಗುವಿಗೆ ಎಂಥ ಧರ್ಮಬೋಧೆ ಆಗಬೇಕು, ಅದನ್ನು ಗೊತ್ತುಮಾಡುವ ಹಕ್ಕು ಯಾರದು ಎಂಬ ವಿಷಯದಲ್ಲಿ ಇಬ್ಬರ ನಡುವೆ ಬಿರುಸಾದ ಮಾತುಗಳೇ ನಡೆದವು. ತಾಯಿಯ ಹಕ್ಕನ್ನು ರಮಾಬಾಯಿ ಬಿಟ್ಟುಕೊಡಲಿಲ್ಲ. ಅವರದು ತಪ್ಪೆನ್ನಲು ನನಗೆ ಧೈರ್ಯವಿಲ್ಲ. ಸರಿಯೆಂದು ಸುಲಭವಾಗಿ ಹೇಳಿಬಿಡಲೂ ನಾಲಗೆ ಏಳುವುದಿಲ್ಲ. ಆ ಬೆಲೆಯನ್ನು ತಾಯಿಯೊಬ್ಬಳೇ ತೆರಲಿಲ್ಲ, ಮಗುವೂ ತೆತ್ತಿತು.

1887ರ ಕೊನೆಗೆ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ರಮಾಬಾಯಿ ಸಂಘ, ಹತ್ತು ವರ್ಷಗಳ ಕಾಲ ವಿಧವೆಯರ ಶಾಲೆಗೆ ನೆರವು ನೀಡಲು ಒಪ್ಪಿತು. 1888ರ ಕೊನೆಗೆ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಜಪಾನಿನ ಮಾರ್ಗವಾಗಿ ರಮಾಬಾಯಿ ಭಾರತಕ್ಕೆ ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನ ತೆರೆಯಿತು. ಬೇಕೆಂದೇ ಆರಿಸಿದ ದಿನವೋ ಆಕಸ್ಮಿಕವೋ, ಆನಂದಿಬಾಯಿ ಪದವಿ ಪಡೆದ ದಿನಕ್ಕೆ ಅಂದಿಗೆ ಸರಿಯಾಗಿ ಮೂರು ವರ್ಷ. ಆನಂದಿಬಾಯಿ ಮಾತ್ರ 1887ರಲ್ಲಿಯೇ, ಇಪ್ಪತ್ತೆರಡು ತುಂಬುವ ಮುನ್ನ, ಕಣ್ಮುಚ್ಚಿದ್ದರು. ಸದನಕ್ಕೆ ಮೊದಲು ಬಂದ ವಿಧವೆ ಗೋದೂಬಾಯಿ. ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾಗಿ ಆನಂದಿಬಾಯಿ ಕರ್ವೆ ಎನಿಸಿದವರು ಆಕೆಯೇ. 1890ರಲ್ಲಿ ಸದನ ಪುಣೆಗೆ ಹೋಯಿತು. ಮತಾಂತರದ ಗುಮಾನಿಯಿಂದ 1893ರಲ್ಲಿ ಪುಣೆಯ ಮುಖಂಡರು ಬೆಂಬಲ ಹಿಂತೆಗೆದುಕೊಂಡರು. 1896–97ರ ಕ್ಷಾಮದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನಲ್ಲಿ ನೆಲೆಗೊಳಿಸಿದರು. ಅಲ್ಲಿನ ಮುಕ್ತಿಸದನದಲ್ಲಿ ಶಿಶುವಿಹಾರವೂ ನಡೆಯಿತು. ಹಸಿವಿನಲ್ಲಿ ತಂದೆತಾಯಿಯರನ್ನು ಕಳೆದುಕೊಂಡಿದ್ದವರು, ಹಸಿವಿನಿಂದ ತಬ್ಬಲಿಯಾದ ಮಕ್ಕಳ ಕೈಗೆ ಆಟದ ವಸ್ತುಗಳನ್ನು ಕೊಟ್ಟರು.

ಮನೋರಮಾ ತಾಯಿಯನ್ನು ಬಿಟ್ಟುಹೋಗಲಿಲ್ಲ. ತಾನೂ ಅಮೆರಿಕದಲ್ಲಿ ಓದಿ ಬಂದು, ತಾಯಿಯ ಬಲಗೈಯಾಗಿ ದುಡಿದಳು. 1912ರ ಸುಮಾರಿಗೆ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, ಇಂದಿನ ನಮ್ಮ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ತೆರೆದು ಅದರ ಮುಖ್ಯಸ್ಥೆಯಾದಳು. ತಾಯಿ ಬೆತ್ತದ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಕನ್ನಡ ನಾಡಿಗೆ ಮಗಳು ಹೀಗೆ ಇನ್ನೊಂದು ಬಾಗಿಲಿನಿಂದ ಬಂದಳು. ನಲವತ್ತನೆಯ ವಯಸ್ಸಿನಲ್ಲಿ, 1921ರಲ್ಲಿ, ಮಗಳು ತೀರಿಕೊಂಡಳು. ಒಂಬತ್ತು ತಿಂಗಳು ಕಳೆಯುವುದರೊಳಗೆ, 1922ರ ಏಪ್ರಿಲ್ 5ರಂದು, ತಾಯಿಯೂ ನಡೆದರು.

ಇದನ್ನೆಲ್ಲ ಕೇಳಿದ ನನ್ನ ಭಾವನವರು ಫ್ರೋಬೆಲನ ಕುರಿತಾಗಲಿ ಶಾರದಾ ಸದನದ ಕುರಿತಾಗಲಿ ಏನೂ ಕೇಳಲಿಲ್ಲ. “ಆ ಮಗುವನ್ನು ಇಂಗ್ಲೆಂಡಿಗೆ ಕಳುಹಿಸಿದಾಗ ಅದಕ್ಕೆ ಎಷ್ಟು ವಯಸ್ಸು ಅಂದಿರಿ?” ಎಂದರು. “ಐದಾರು ಇದ್ದೀತು” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳನ್ನು ಕರೆದು, ವಿಮಾನದಲ್ಲಿ ಎಷ್ಟು ಕಿಲೋ ಸಾಮಾನಿಗೆ ಬಿಡುತ್ತಾರೆಂದು ವಿಚಾರಿಸಿದರು.