ಟರ್ನ್‌ಬುಲ್, ಸರ್ ಜಾರ್ಜ್
1926-92. ಬ್ರಿಟಿಷ್ ಮೋಟಾರು ಉದ್ಯಮದ ಆಡಳಿತಗಾರ. ದಕ್ಷಿಣ ಕೊರಿಯದ ಕಾರು ಉದ್ಯಮಕ್ಕೆ ಬುನಾದಿ ಹಾಕಿದವರಲ್ಲೊಬ್ಬ. ಹದಿಹರೆಯದಲ್ಲೇ ಕವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಸ್ಟ್ಯಾಂಡರ್ಡ್ ಕಂಪನಿಯಲ್ಲೇ ಮೇಲಕ್ಕೇರಿದ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ರೂಪುಗೊಂಡಾಗ ಅದರ ಆಸ್ಟಿನ್-ಮಾರಿಸ್ ವಿಭಾಗದ ವ್ಯವಸ್ಥಾಪಕ ನಿರ್ದೇಶಕನಾದ. ಮಾರಿಸ್ ಮರೀನಾ ಕಾರು (1971) ಮಾರುಕಟ್ಟೆಗೆ ಬಂದುದು ಈತನ ಅವಧಿಯಲ್ಲಿ.

1973ರಲ್ಲಿ ಲೇಲ್ಯಾಂಡ್ ತೊರೆದು, ಮರುವರ್ಷ ದಕ್ಷಿಣ ಕೊರಿಯದ ಹ್ಯುಂಡೈ ಮೋಟಾರ್‌ನ ಉಪಾಧ್ಯಕ್ಷನಾದ. ಆವರೆಗೆ ಹ್ಯುಂಡೈ ಫೋರ್ಡ್ ಕಾರುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿತ್ತು. ಸ್ವಂತ ಕಾರು ಕಟ್ಟುವ ಹೊಣೆ ಹೊತ್ತ ಟರ್ನ್‌ಬುಲ್ ಬ್ರಿಟಿಷ್ ಎಂಜಿನಿಯರುಗಳ ಪುಟ್ಟ ತಂಡವನ್ನು ಕೊರಿಯದ ಉಲ್ಸಾನ್‌ಗೆ ಕರೆದೊಯ್ದ. ಇಟಲಿಯ ವಿನ್ಯಾಸಕ ಜುಜಾರೊ ರೂಪಿಸಿದ ಹೊರಮೈ, ಜಪಾನಿನ ಮಿತ್ಸುಬಿಷಿಯ ಎಂಜಿನ್, ಬ್ರಿಟಿಷರ ತಯಾರಿಕಾ ಅನುಭವ ಇವುಗಳ ಕೂಡುಫಲವಾದ ಪೋನಿ ಕಾರು 1974ರಲ್ಲಿ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 1975ರ ಕೊನೆಗೆ ತಯಾರಿಕೆ ಆರಂಭವಾಯಿತು. ಸಾಮೂಹಿಕವಾಗಿ ತಯಾರಾದ ಮೊದಲ ಕೊರಿಯನ್ ಕಾರು ಇದು. ಒಬ್ಬ ಆಡಳಿತಗಾರನ ಅನುಭವ ಇನ್ನೊಂದು ದೇಶದ ಉದ್ಯಮವನ್ನೇ ಎತ್ತಿ ನಿಲ್ಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಅನಂತರ ಇರಾನ್ ನ್ಯಾಷನಲ್ ಎಂಬ ಕಾರು ಸಂಸ್ಥೆಗೆ ಸಲಹೆಗಾರನಾಗಿದ್ದು, 1979ರಲ್ಲಿ ಬ್ರಿಟನ್ನಿಗೆ ಮರಳಿ ಟಾಲ್ಬಟ್ ಕಾರು ಕಂಪನಿಯನ್ನು ಮುನ್ನಡೆಸಿದ. ಕೊನೆಯಲ್ಲಿ ಇಂಚ್‌ಕೇಪ್ ವ್ಯಾಪಾರ ಸಂಸ್ಥೆಯ ಅಧ್ಯಕ್ಷನಾಗಿದ್ದ. 1990ರಲ್ಲಿ ಸರ್ ಪದವಿ ಪಡೆದ.