ಪೊಪರಿಂಗೆಯ ಮೇಲುಪ್ಪರಿಗೆ

ಮೊದಲನೆಯ ಮಹಾಯುದ್ಧವೆಂದರೆ ನಮ್ಮ ಪ್ರೌಢಶಾಲೆಯ ಪಠ್ಯಪುಸ್ತಕಗಳಲ್ಲಿ ಸರಾಯೆವೊದ ಹತ್ಯೆ, ಎರಡು ಬಣಗಳ ಪಟ್ಟಿ, ವರ್ಸೇಲ್ಸ್ ಒಪ್ಪಂದ, ಇಷ್ಟೇ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಮೈಸೂರು ಲ್ಯಾನ್ಸರ್ಸ್ ದಳದವರು 1918ರಲ್ಲಿ ಹೈಫಾ ನಗರದ ವಿಜಯದಲ್ಲಿ ಪಾಲ್ಗೊಂಡ ಕಥೆಯನ್ನು ನಾನು ಪಠ್ಯದ ಹೊರಗಿನಿಂದ ತಂದು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂದು ಅದೇ ಯುದ್ಧದ ಇನ್ನೊಂದು ಮೂಲೆಯಲ್ಲಿದ್ದ ಒಂದು ಮನೆಯ ಚರಿತ್ರೆಯನ್ನು ಬರೆಯಬೇಕೆನಿಸಿದೆ.

ಬೆಲ್ಜಿಯಂ ದೇಶದ ಪಶ್ಚಿಮ ಭಾಗದಲ್ಲಿ ಈಪರ್ ಎಂಬ ಊರಿದೆ. ಯುದ್ಧದ ನಾಲ್ಕು ವರ್ಷಗಳ ಕಾಲ ಅದರ ಸುತ್ತಲಿನ ಕೆಸರಿನಲ್ಲಿ ಕಂದಕಗಳನ್ನು ತೋಡಿಕೊಂಡು ಎರಡೂ ಕಡೆಯವರು ಕಾದಾಡಿದರು. ಭಾರತೀಯ ಸೇನೆಯ ಸಿಪಾಯಿ ಖುದಾದಾದ್ ಖಾನರಿಗೆ ವಿಕ್ಟೋರಿಯಾ ಕ್ರಾಸ್ ತಂದುಕೊಟ್ಟ ಸಾಹಸ 1914ರಲ್ಲಿ ನಡೆದದ್ದೂ ಈ ಸೀಮೆಯಲ್ಲಿಯೇ. ಈಪರ್‌ನಿಂದ ಸುಮಾರು 12 ಕಿ.ಮೀ. ಹಿಂದಕ್ಕೆ ಪೊಪರಿಂಗೆ ಎಂಬ ಪುಟ್ಟ ಪಟ್ಟಣ. ಬಿಯರ್ ತಯಾರಿಕೆಗೆ ಬೇಕಾದ ಹಾಪ್ ಬೆಳೆಗೆ ಹೆಸರಾದುದು. ಕಂದಕಕ್ಕೆ ಹೋಗುವವರೂ ಅಲ್ಲಿಂದ ಬದುಕಿ ಬಂದವರೂ ಹಾದುಹೋಗುತ್ತಿದ್ದ ಊರು ಅದು. ಅಂಥ ಊರಿನಲ್ಲಿ ಸಿಪಾಯಿಯ ಜೇಬನ್ನು ಬರಿದು ಮಾಡುವ ತಾಣಗಳಿಗೇನೂ ಕೊರತೆಯಿರಲಿಲ್ಲ.

1915ರ ಡಿಸೆಂಬರ್ 11ರಂದು ಅಲ್ಲಿ ಟಾಲ್ಬಟ್ ಹೌಸ್ ಎಂಬ ಮನೆಯ ಬಾಗಿಲು ತೆರೆಯಿತು. ತೆರೆದವರು ಫಿಲಿಪ್ ಕ್ಲೇಟನ್ ಎಂಬ ಚಾಪ್ಲೆನ್. ಚಾಪ್ಲೆನ್ ಎಂದರೆ ಚರ್ಚಿನ ಗೋಡೆಗಳನ್ನು ದಾಟಿ, ಸೇನೆ, ಆಸ್ಪತ್ರೆ, ಸೆರೆಮನೆಗಳಲ್ಲಿ ಜನರೊಡನಿದ್ದು ಸೇವೆ ಮಾಡುವ ಪಾದ್ರಿ. ಕ್ಲೇಟನ್ನರಿಗೆ ಆಗ ಮೂವತ್ತು ವರ್ಷ. ಕುಳ್ಳಗಿನ, ದುಂಡನೆಯ ವ್ಯಕ್ತಿ. ಎಲ್ಲರ ಬಾಯಲ್ಲಿಯೂ 'ಟಬ್ಬಿ'. ಅವರನ್ನು ಕರೆಸಿಕೊಂಡವರು ಹಿರಿಯ ಸೇನಾ ಪಾದ್ರಿ ನೆವಿಲ್ ಟಾಲ್ಬಟ್. ಆ ವರ್ಷದ ಜುಲೈ 30ರಂದು ನೆವಿಲ್ಲರ ತಮ್ಮ ಗಿಲ್ಬರ್ಟ್, ಇನ್ನೂ ಇಪ್ಪತ್ಮೂರರ ತರುಣ, ಈಪರ್ ಬಳಿಯ ಹೂಖ್‌ನಲ್ಲಿ ಮಡಿದಿದ್ದ. ಮನೆಗೆ ಬಂದದ್ದು ಅವನ ನೆನಪಿನ ಹೆಸರು. ಆನಂದದ ಮನೆಯೊಂದು ಹೀಗೆ ಶೋಕದ ಹೆಸರು ಹೊತ್ತೇ ಹುಟ್ಟಿತು.

ಒಳಗೆ ಏನಿತ್ತು? ಚಹಾ, ಪಿಯಾನೊ, ಬರೆಯಲು ಕಾಗದ, ಹಿಂದೆ ಹೂದೋಟ. ಗ್ರಂಥಾಲಯದಿಂದ ಪುಸ್ತಕ ಬೇಕಾದವನು ತನ್ನ ಸೈನಿಕ ಟೋಪಿಯನ್ನು ಒತ್ತೆಯಿಡಬೇಕು. ಟೋಪಿಯಿಲ್ಲದೆ ಸಿಪಾಯಿ ಬೀದಿಗೆ ಇಳಿಯುವಂತಿಲ್ಲವಾದ್ದರಿಂದ ಪುಸ್ತಕ ತಪ್ಪದೆ ಮರಳುತ್ತಿತ್ತು! (ನಮ್ಮ ಶಾಲಾ ಗ್ರಂಥಾಲಯಗಳಿಗೆ ಈ ಉಪಾಯ ಹೊಳೆಯಲಿಲ್ಲವಲ್ಲ!) ಇನ್ನೊಂದು ಗೋಡೆಯ ಮೇಲೆ ಹೆಸರುಗಳ ಪಟ್ಟಿ. ಬಂದವರು ತಮ್ಮ ಹೆಸರು, ದಳಗಳನ್ನು ಅಲ್ಲಿ ಬರೆದು ಹೋಗುತ್ತಿದ್ದರು. ಊರಿನ ಗೆಳೆಯನೋ, ಒಡಹುಟ್ಟಿದವನೋ ಅದನ್ನು ಕಂಡು ಹುಡುಕಿಕೊಂಡು ಬರುವನೆಂಬ ಆಸೆ. ದರ್ಜೆಯ ಹಮ್ಮನ್ನು ಹೊಸ್ತಿಲಾಚೆಗೇ ಬಿಟ್ಟು ಬರಬೇಕೆಂದು ಒಂದು ಫಲಕ ಸಾರುತ್ತಿತ್ತು. ನಿರಾಶಾವಾದಿಗಳಿಗೆ ದಾರಿ ಇತ್ತ ಎಂದು ಬೀದಿಯ ಕಡೆಗೆ ಬೆರಳು ತೋರಿಸುವ ಫಲಕವೂ ಇತ್ತು. ಕರ್ನಲ್ಲನೂ ಸಾಮಾನ್ಯ ಸಿಪಾಯಿಯೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುವುದು ಅಂದಿನ ಬ್ರಿಟಿಷ್ ಸೇನೆಯಲ್ಲಿ ಸಣ್ಣ ಮಾತಲ್ಲ. ಪಂಕ್ತಿಭೇದವನ್ನು ಕಂಡ ನಮಗೆ ಅದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮನೆಯ ನಿಜವಾದ ಒಲೆ ಉರಿಯುತ್ತಿದ್ದುದು ಮಾತ್ರ ಅಟ್ಟದ ಮೇಲೆ. ಹಾಪ್ ಒಣಗಿಸುತ್ತಿದ್ದ ಆ ಅಟ್ಟವನ್ನು ಕ್ಲೇಟನ್ ಪ್ರಾರ್ಥನಾಲಯವಾಗಿ ಮಾಡಿದರು. ಬಡಗಿಯೊಬ್ಬನ ಹಳೆಯ ಕೆಲಸದ ಮೇಜನ್ನು ಮೇಲಕ್ಕೆ ಸಾಗಿಸಿ ಪವಿತ್ರ ಪೀಠವಾಗಿ ಇರಿಸಿದರು. ಯೇಸುಸ್ವಾಮಿಯ ಕಸುಬನ್ನು ಬಲ್ಲವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಸಾವಿರಾರು ಮಂದಿ ಕಡಿದಾದ ಮೆಟ್ಟಿಲೇರಿ ಬಂದು ಅದರ ಮುಂದೆ ಮೊಣಕಾಲೂರಿ ಕರ್ತನ ಭೋಜನವನ್ನು ಸ್ವೀಕರಿಸಿದರು. ಅನೇಕರಿಗೆ ಅದೇ ಕೊನೆಯದು. ಆ ಕೋಣೆಗೆ 'ಮೇಲುಪ್ಪರಿಗೆ' ಎಂದೇ ಹೆಸರು. ಯೋಹಾನನ ಸುವಾರ್ತೆಯನ್ನು ಓದಿದವರು ಗಮನಿಸಿರಬಹುದು: ಯೇಸು ತನ್ನ ಶಿಷ್ಯರಿಗೆ ಪರಿಪೂರ್ಣವಾದ ಆನಂದದ ಮಾತನ್ನಾಡಿದ್ದು ಸುಗ್ಗಿಯ ದಿನದಲ್ಲಲ್ಲ, ಮರುದಿನ ಶಿಲುಬೆ ಕಾದಿದ್ದ ರಾತ್ರಿಯ ಊಟದಲ್ಲಿ.

ನಾಳೆ ಸಾಯಲಿರುವವನನ್ನು ಇಂದು ನಗಿಸಿ ಕಳುಹಿಸುವುದು ವಂಚನೆಯಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದೇ ಪೊಪರಿಂಗೆಯ ಪುರಭವನದಲ್ಲಿ ಮರಣದಂಡನೆಗೆ ಗುರಿಯಾದ ಸೈನಿಕರನ್ನು ಕೊನೆಯ ರಾತ್ರಿ ಕೂಡಿಹಾಕುತ್ತಿದ್ದರು. ಬೆಳಗಿನ ಜಾವ ತಮ್ಮವರದೇ ಗುಂಡು. ಆ ರಾತ್ರಿಗಳಲ್ಲಿ ಅವರ ಬಳಿ ಕುಳಿತಿರುವುದೂ ಸೇನಾ ಪಾದ್ರಿಗಳ ಕೆಲಸವೇ ಆಗಿತ್ತು. ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಹೀಗೆ ಸತ್ತ 300ಕ್ಕೂ ಹೆಚ್ಚು ಮಂದಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ. ಪಾದ್ರಿಗಳು ಆ ಯಂತ್ರದ ಭಾಗವೇ ಆಗಿದ್ದರು, ಸೇನೆಯ ಸಮವಸ್ತ್ರವನ್ನೇ ತೊಟ್ಟಿದ್ದರು ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಯುದ್ಧವನ್ನು ನಿಲ್ಲಿಸುವ ಶಕ್ತಿ ಕ್ಲೇಟನ್ನರಿಗಿರಲಿಲ್ಲ. ಅವರ ಕೈಯಲ್ಲಿದ್ದುದು ಜೊತೆಗಿರುವುದೊಂದೇ. ಆ ಮನೆಯ ನಗು ಬರಿಯ ಮರೆವಾಗಿದ್ದರೆ ಯುದ್ಧದೊಡನೆಯೇ ಮುಗಿಯಬೇಕಾಗಿತ್ತು. ಮುಗಿಯಲಿಲ್ಲವೆಂಬುದೇ ನನಗೆ ದೊಡ್ಡ ಸಾಕ್ಷ್ಯವಾಗಿ ಕಾಣುತ್ತದೆ.

ಬದುಕುಳಿದರೆ ದೇವರ ಸೇವೆಗೆ ಬರುತ್ತೇವೆಂದು ಆ ಮನೆಯಲ್ಲಿ ಮಾತುಕೊಟ್ಟವರ ಹೆಸರುಗಳನ್ನು ಕ್ಲೇಟನ್ ಕಾಪಾಡಿಟ್ಟುಕೊಂಡಿದ್ದರು. ಬಹುಮಂದಿ ಹಿಂದಿರುಗಲಿಲ್ಲ. ಉಳಿದವರಂಥ ಸೈನಿಕರಿಗಾಗಿ 1919ರಲ್ಲಿ ಇಂಗ್ಲೆಂಡಿನ ನಟ್ಸ್‌ಫರ್ಡ್‌ನಲ್ಲಿ, ಹಿಂದೆ ಸೆರೆಮನೆಯಾಗಿದ್ದ ಕಟ್ಟಡದಲ್ಲಿ, ಶಾಲೆಯೊಂದು ನಡೆಯಿತು. ಸೈನ್ಯದ ಸಂಕೇತ ಭಾಷೆಯಲ್ಲಿ ಟಿ ಅಕ್ಷರಕ್ಕೆ 'ಟಾಕ್' ಎನ್ನುತ್ತಿದ್ದುದರಿಂದ ಟಾಲ್ಬಟ್ ಹೌಸ್ 'ಟಾಕ್ ಎಚ್' ಆಗಿತ್ತು. ಅದೇ ಹೆಸರಿನ ಸೇವಾ ಚಳವಳಿ ಹಲವು ದೇಶಗಳಿಗೆ ಹಬ್ಬಿತು. ನಮ್ಮ ನೆರೆಯ ಕೊಚ್ಚಿಯಲ್ಲಿ ಆ ಹೆಸರಿನ ಶಾಲೆಯೊಂದಿದೆ. ಕ್ಲೇಟನ್ 1922ರಿಂದ ನಲವತ್ತು ವರ್ಷ ಲಂಡನ್ನಿನ ಒಂದೇ ಚರ್ಚಿನ ಪಾದ್ರಿಯಾಗಿದ್ದು 1972ರಲ್ಲಿ ತೀರಿಕೊಂಡರು.

ಪೊಪರಿಂಗೆಯ ಮನೆಯನ್ನು 1929ರಲ್ಲಿ ಲಾರ್ಡ್ ವೇಕ್‌ಫೀಲ್ಡರ ನೆರವಿನಿಂದ ಟಾಕ್ ಎಚ್ ಕೊಂಡುಕೊಂಡಿತು. 1940ರಲ್ಲಿ ಜರ್ಮನ್ ಸೇನೆ ಮತ್ತೆ ಬಂದಾಗ ಊರಿನವರು ಅಲ್ಲಿನ ಸಾಮಾನುಗಳನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟರು. 1944ರಲ್ಲಿ ಊರು ಬಿಡುಗಡೆಯಾದೊಡನೆ ಹೊತ್ತು ತಂದು ಒಪ್ಪಿಸಿದರು. ಈಗ ಅದು ವಸ್ತುಸಂಗ್ರಹಾಲಯ, ಅತಿಥಿಗೃಹವೂ ಹೌದು. ಬಡಗಿಯ ಮೇಜು ಅಟ್ಟದ ಮೇಲೆಯೇ ಇದೆ.