ಅಲಮಾರಿಯ ಅಳತೆ

ಅಲಮಾರಿಯೆಂಬ ಮಾತು ಕನ್ನಡದ್ದಲ್ಲ. ಪೋರ್ಚುಗೀಸರು ತಮ್ಮ ಹಡಗುಗಳೊಡನೆ ತಂದ ‘ಅರ್ಮಾರಿಯೊ’ ಎಂಬ ಶಬ್ದವು ಭರತಖಂಡದ ಹಲವು ಭಾಷೆಗಳಲ್ಲಿ ಹರಡಿ ಈ ರೂಪವನ್ನು ತಾಳಿತು. ಅದಕ್ಕೂ ಮೂಲವಾದ ಲ್ಯಾಟಿನ್ ಪದಕ್ಕೆ ಆಯುಧೋಪಕರಣಗಳನ್ನಿಡುವ ಸ್ಥಳವೆಂಬುದು ಮೊದಲ ಅರ್ಥ. ಬೀರುವಿನ ಕಥೆಯು ಇನ್ನೂ ವಿನೋದಕರವಾದುದು. ಫ್ರೆಂಚರ ‘ಬ್ಯೂರೋ’ ಎಂಬುದು ಮೊದಲು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಬಟ್ಟೆಯ ಹೆಸರಾಗಿದ್ದಿತು. ಬಟ್ಟೆಯ ಹೆಸರು ಮೇಜಿಗೆ ಬಂದು, ಮೇಜಿನದು ಖಾನೆಗಳುಳ್ಳ ಪೆಟ್ಟಿಗೆಗೆ ಸಂದು, ಕನ್ನಡನಾಡನ್ನು ಮುಟ್ಟುವ ಹೊತ್ತಿಗೆ ಬಟ್ಟೆಯನ್ನೇ ಇಡುವ ಕಪಾಟಿಗೆ ಬಂದು ನಿಂತಿತು! ಈ ಎರಡು ಮಾತುಗಳೂ ಬರುವುದಕ್ಕೆ ಮುಂಚೆ ಇಲ್ಲಿನ ಮನೆಗಳಲ್ಲಿ ಗೋಡೆಯ ಗೂಡು, ಮರದ ಪೆಟ್ಟಿಗೆ, ಮೇಲೆ ಅಟ್ಟ, ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳ, ಇಷ್ಟರಿಂದಲೇ ಸಂಸಾರವು ಸಾಗುತ್ತಿದ್ದಿತು.

ಯೂರೋಪಿನಲ್ಲಿಯೂ ಬಹುಕಾಲ ಪೆಟ್ಟಿಗೆಯೇ ಪ್ರಧಾನವಾಗಿದ್ದಿತು. ಪೆಟ್ಟಿಗೆಯ ದೋಷವು ಅದನ್ನು ಬಳಸಿದವರಿಗೆಲ್ಲ ವಿದಿತವಾದುದೇ: ಬೇಕಾದ ವಸ್ತುವು ಯಾವಾಗಲೂ ತಳದಲ್ಲಿರುವುದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮರಗೆಲಸದವರು ಇದಕ್ಕೊಂದು ಒಳ್ಳೆಯ ಪರಿಹಾರವನ್ನು ಕಂಡುಕೊಂಡಿದ್ದರು. ಥಾಮಸ್ ಚಿಪೆಂಡೇಲನು ೧೭೫೪ರಲ್ಲಿ ಪ್ರಕಟಿಸಿದ ಮಾದರಿಗಳ ಗ್ರಂಥದಲ್ಲಿ ಅಂತಹ ಬಟ್ಟೆಯ ಕಪಾಟುಗಳ ಚಿತ್ರಗಳಿವೆ. ಆ ಕಾಲದ ಕಪಾಟಿನಲ್ಲಿ ಕೆಳಗೆ ಎಳೆಖಾನೆಗಳು. ಮೇಲೆ ಎರಡು ಬಾಗಿಲುಗಳ ಹಿಂದೆ ಮುಂದಕ್ಕೆ ಜಾರುವ ಮರದ ತಟ್ಟೆಗಳು. ಬಟ್ಟೆಗಳೆಲ್ಲ ಮಡಿಸಿ ಇಡತಕ್ಕವೇ. ನೇತುಹಾಕುವ ಪದ್ಧತಿಯು ಬಲಗೊಂಡುದು ಮುಂದಿನ ಶತಮಾನದಲ್ಲಿ. ಕೋಟನ್ನು ಭುಜದ ಅಗಲದ ಕೊಕ್ಕೆಗೆ ಸಿಕ್ಕಿಸಿ ಅಡ್ಡಕಂಬಿಗೆ ತೂಗಹಾಕಿದರೆ ಕಪಾಟಿನ ಆಳವು ಸುಮಾರು ೬೦ ಸೆಂಟಿಮೀಟರಿಗೆ ಕಡಿಮೆಯಾಗಲಾರದು. ಅಂದಿನಿಂದ ಇಂದಿನವರೆಗೆ ಉಡುಪಿನ ಅಲಮಾರಿಯ ಆಳವನ್ನು ನಿರ್ಧರಿಸಿರುವುದು ಯೂರೋಪಿಯನ್ನನ ಹೆಗಲು ಎಂದರೆ ಅತಿಶಯೋಕ್ತಿಯಾಗದು.

ಮರವು ಅಗ್ಗವಾಗಿ, ಕೋಣೆಯು ವಿಶಾಲವಾಗಿರುವವರೆಗೆ ಈ ಭಾರಿ ಕಪಾಟುಗಳಿಂದ ಯಾರಿಗೂ ತೊಂದರೆಯಿರಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ನಗರಗಳಲ್ಲಿ ಸಣ್ಣ ಮನೆಗಳು ಹೆಚ್ಚಿದಂತೆ ಕಪಾಟು ಕೋಣೆಯನ್ನೇ ನುಂಗತೊಡಗಿತು. ಆಗ ಹುಟ್ಟಿದ ಅಭಿಪ್ರಾಯಗಳು ನಾನಾ ಬಗೆಯವು. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸನು ೧೯೨೪ರಲ್ಲಿ ಪೀಠೋಪಕರಣಗಳನ್ನೇ ರದ್ದುಮಾಡಬೇಕೆಂದು ಬರೆದು, ಕಪಾಟು ಗೋಡೆಯಲ್ಲಿ ಅಡಗಬೇಕೆಂದು ವಾದಿಸಿದನು. (ಗೋಡೆಯ ಗೂಡನ್ನು ಕಂಡ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಹೆಚ್ಚಿಲ್ಲ.) ಮರುವರ್ಷ ಪ್ಯಾರಿಸಿನ ಪ್ರದರ್ಶನದಲ್ಲಿ ಲ ಕಾರ್ಬ್ಯೂಸಿಯೇ ಒಂದೇ ಅಳತೆಗೆ ಕಟ್ಟಿದ ಖಾನೆಗಳನ್ನು ಜೋಡಿಸಿ ಕೋಣೆಯನ್ನೇ ವಿಭಾಗಿಸಿ ತೋರಿಸಿದನು. ಇಂಗ್ಲೆಂಡಿನಲ್ಲಿ ಆ ದಶಕದಲ್ಲಿಯೇ ‘ಕಾಂಪ್ಯಾಕ್ಟಂ’ ಎಂಬ ಹೆಸರಿನ ಕಪಾಟುಗಳು ಪ್ರಚಾರಕ್ಕೆ ಬಂದವು; ಅವುಗಳೊಳಗೆ ಕಾಲರಿಗೊಂದು, ಕರವಸ್ತ್ರಕ್ಕೊಂದು, ಅಂಗಿಗೊಂದು ಎಂದು ಪ್ರತ್ಯೇಕ ಖಾನೆಗಳಿದ್ದು, ಆಯಾ ಖಾನೆಗೆ ಹೆಸರುಪಟ್ಟಿಯೂ ಇರುತ್ತಿದ್ದಿತು. ಕಾಲರುಗಳಿಲ್ಲದವನು ಆ ಖಾನೆಯಲ್ಲಿ ಏನನ್ನಿಡಬೇಕೆಂಬುದನ್ನು ಮಾತ್ರ ಅವುಗಳನ್ನು ಮಾಡಿದವರು ಆಲೋಚಿಸಿದಂತೆ ತೋರುವುದಿಲ್ಲ.

ಇವೆಲ್ಲವುಗಳಿಗಿಂತ ನಿಧಾನವಾಗಿಯೂ, ಆದುದರಿಂದಲೇ ದೃಢವಾಗಿಯೂ ಕೆಲಸವು ನಡೆದುದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ ರಾಜಕಲಾಶಾಲೆಯಲ್ಲಿ ೧೯೨೪ರಲ್ಲಿ ಪೀಠೋಪಕರಣ ವಿದ್ಯೆಯ ಶಾಖೆಯು ಪ್ರಾರಂಭವಾಯಿತು; ಅದರ ಗುರು ಕೋರೆ ಕ್ಲಿಂಟ್. ಈತನ ರೀತಿ ಸರಳವಾದುದು. ಕಪಾಟಿನ ಚಂದವನ್ನು ಚಿಂತಿಸುವುದಕ್ಕೆ ಮೊದಲು ಅದರೊಳಗೆ ಹೋಗತಕ್ಕ ವಸ್ತುಗಳನ್ನು ಅಳೆಯಬೇಕು. ಕುರ್ಚಿಯನ್ನು ರಚಿಸುವುದಕ್ಕೆ ಮೊದಲು ಕುಳಿತುಕೊಳ್ಳುವವನನ್ನು ಅಳೆಯಬೇಕು. ತಟ್ಟೆ, ಲೋಟ, ಬಟ್ಟೆಗಳು ಎಲ್ಲವೂ ಅವನ ಅಳತೆಗೋಲಿಗೆ ಒಳಗಾದವು. ೧೯೨೮ರಲ್ಲಿ ಮೊಗೆನ್ಸ್ ಕೋಕ್ ಎಂಬವನು ಇದೇ ದಾರಿಯಲ್ಲಿ ೭೬ ಸೆಂಟಿಮೀಟರು ಚದರದ ಪುಸ್ತಕದ ಗೂಡೊಂದನ್ನು ರಚಿಸಿದನು. ಒಂದನ್ನು ಕೊಂಡು ನಿಲ್ಲಿಸಬಹುದು. ಪುಸ್ತಕಗಳು ಹೆಚ್ಚಿದರೆ ಇನ್ನೊಂದನ್ನು ತಂದು ಪಕ್ಕದಲ್ಲಿಯೋ ಮೇಲೆಯೋ ಇಡಬಹುದು. ಬೆಳೆಯುವ ಸಂಸಾರದೊಡನೆ ಬೆಳೆಯುವ ಅಲಮಾರಿ ಎಂಬ ಕಲ್ಪನೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಷ್ಟ.

ಕ್ಲಿಂಟನ ಶಿಷ್ಯನಾದ ಬೋರ್ಯೆ ಮೊಗೆನ್‌ಸೆನ್ ೧೯೪೨ರಿಂದ ೧೯೫೦ರವರೆಗೆ ಡೆನ್ಮಾರ್ಕಿನ ಗ್ರಾಹಕ ಸಹಕಾರ ಸಂಘಗಳ ಒಕ್ಕೂಟದ ಪೀಠೋಪಕರಣ ಶಾಖೆಯ ಮುಖ್ಯಸ್ಥನಾಗಿದ್ದನು. ಶ್ರೀಮಂತರ ಮನೆಗಳಿಗಲ್ಲದೆ ಸಾಮಾನ್ಯ ಸಂಸಾರಗಳಿಗೆ ಉಪಕರಣಗಳನ್ನು ಒದಗಿಸುವ ಹೊಣೆ ಅವನದಾಗಿದ್ದಿತು. ತರುವಾಯ ಆತನು ಗ್ರೇಥೆ ಮೇಯರ್ ಎಂಬ ಶಿಲ್ಪಜ್ಞೆಯೊಡನೆ ಸೇರಿ ಕೈಗೊಂಡ ಕಾರ್ಯವು ೧೯೫೪ರಲ್ಲಿ ‘ಬೋಲಿಗೆನ್ಸ್ ಬ್ಯುಗೆಸ್ಕಾಬೆ’ ಎಂಬ ಹೆಸರಿನಿಂದ ಹೊರಬಂದಿತು. ಮನೆಯೊಡನೆ ಕಟ್ಟಿಕೊಳ್ಳುವ ಕಪಾಟುಗಳೆಂದು ಅದರ ಭಾವ. ಅಂಗಿ, ಚಮಚ, ಮುಳ್ಳುಗಳಂತಹ ನಿತ್ಯದ ವಸ್ತುಗಳಿಗೆ ಸಾಮಾನ್ಯವಾಗಿರುವ ಅಳತೆಯೇನು, ಒಬ್ಬೊಬ್ಬರ ಬಳಿ ಅವು ಸರಾಸರಿ ಎಷ್ಟಿರುತ್ತವೆ ಎಂಬುದನ್ನು ಶೋಧಿಸಿ, ಆ ಲೆಕ್ಕದಿಂದ ಎಳೆಖಾನೆಯ ಅಗಲವನ್ನೂ ಹಲಗೆಯ ಆಳವನ್ನೂ ನಿಗದಿಮಾಡಿದರು. ಕಪಾಟನ್ನು ಕೊಂಡುತಂದು ಕೋಣೆಯಲ್ಲಿ ನಿಲ್ಲಿಸುವುದಲ್ಲ. ಅದು ಕೋಣೆಯ ಗೋಡೆಯ ಅಂಗವಾಗಿಯೇ ಏಳತಕ್ಕದ್ದು.

ಎಣಿಕೆಯಿಂದ ಸ್ಥಳವು ಹೇಗೆ ಹೆಚ್ಚುವುದೆಂದು ಕೆಲವರಿಗೆ ಸಂದೇಹವುಂಟಾಗಬಹುದು. ಅಲಮಾರಿಯಲ್ಲಿ ಕಳೆದುಹೋಗುವ ಸ್ಥಳವು ಬಹುಮಟ್ಟಿಗೆ ವಸ್ತುಗಳ ಮೇಲಣ ಮತ್ತು ಹಿಂದಣ ಬರಿಯ ಗಾಳಿ. ೧೦ ಸೆಂಟಿಮೀಟರು ಎತ್ತರದ ಅಂಗಿಯ ರಾಶಿಗೆ ೪೦ ಸೆಂಟಿಮೀಟರು ಎತ್ತರದ ಖಾನೆಯನ್ನು ಕೊಟ್ಟರೆ ಮುಕ್ಕಾಲು ಪಾಲು ವ್ಯರ್ಥ. ಅದನ್ನು ತುಂಬಿಸಲೆಂದು ರಾಶಿಯನ್ನು ಬೆಳೆಸಿದರೆ ತಳದ ಅಂಗಿಯನ್ನು ಎಳೆಯುವಾಗ ಮೇಲಿನವೆಲ್ಲ ಕುಸಿಯುವುವು, ಪೆಟ್ಟಿಗೆಯ ಹಳೆಯ ದೋಷವೇ ಮರುಕಳಿಸುವುದು. ಹಲಗೆಗಳ ನಡುವಣ ಅಂತರವನ್ನು ಕಿರಿದುಮಾಡಿದರೆ ಅದೇ ಗೋಡೆಯಲ್ಲಿ ಇನ್ನೆರಡು ಹಲಗೆಗಳು ಹಿಡಿಯುತ್ತವೆ. ಹಾಗೆಯೇ ಕೋಟು ಅಂಗಿಗಳು ತೂಗುವ ಉದ್ದವು ಸುಮಾರು ಒಂದು ಮೀಟರು. ನಿಲುವಂಗಿಗೆ ಮಾತ್ರ ಅದರ ಒಂದೂವರೆಯಷ್ಟು ಬೇಕು. ಎಲ್ಲಕ್ಕೂ ಒಂದೇ ಎತ್ತರದ ಕಂಬಿಯಿದ್ದರೆ ಅಂಗಿಗಳ ಕೆಳಗೆ ಅರ್ಧ ಕಪಾಟು ಬರಿದಾಗಿರುವುದು. ಉದ್ದದವನ್ನು ಬೇರೆ ಮಾಡಿ, ಉಳಿದೆಡೆ ಒಂದರ ಕೆಳಗೊಂದು ಎರಡು ಕಂಬಿಗಳನ್ನು ಹಾಕಿದೊಡನೆ ತೂಗುವ ಸ್ಥಳವು ಇಮ್ಮಡಿಯಾಗುವುದು. ಒಂದು ಅಂಗುಲ ಮರವೂ ಹೆಚ್ಚಿಗೆ ಬೇಡ.

ಆದರೆ ಸರಾಸರಿಯೆಂಬುದು ಯಾರ ಮನೆಯಲ್ಲಿಯೂ ವಾಸಮಾಡುವುದಿಲ್ಲ. ಐದು ಮಕ್ಕಳ ತಾಯಿಗೂ ಒಂಟಿ ಗುಮಾಸ್ತನಿಗೂ ಒಂದೇ ಲೆಕ್ಕವು ಒಪ್ಪುವುದೆಂತು? ಅಲ್ಲದೆ, ಯುದ್ಧಾನಂತರದ ಕೊರತೆಯ ದಿನಗಳು ಕಳೆದು ಸಂಪತ್ತು ಹೆಚ್ಚಿದಂತೆ ಜನರ ಬಟ್ಟೆಗಳೂ ಹೆಚ್ಚಿದವು. ೧೯೫೪ರ ಎಣಿಕೆಯು ಶಾಶ್ವತವಾಗಿರಲು ಸಾಧ್ಯವಿರಲಿಲ್ಲ. ಖಾನೆಯ ಅಳತೆಯನ್ನು ಶಿಲ್ಪಿಯು ಮೊದಲೇ ನಿಗದಿಮಾಡಿ ಕೊಡುವುದಕ್ಕಿಂತ, ಗೃಹಿಣಿಯು ತನಗೆ ಬೇಕಾದಾಗ ತಾನೇ ಬದಲಿಸಿಕೊಳ್ಳುವಂತಿರುವುದು ಮೇಲು.

ಆ ಸೌಕರ್ಯವು ಬಂದುದು ಶಿಲ್ಪಿಗಳಿಂದಲ್ಲ, ಕಾರ್ಖಾನೆಗಳಿಂದ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡುವ ಹಲಗೆಗೆ ಜರ್ಮನಿಯ ಮ್ಯಾಕ್ಸ್ ಹಿಮೆಲ್‌ಹೆಬರನು ೧೯೩೨ರಲ್ಲಿ ಹಕ್ಕುಪತ್ರವನ್ನು ಪಡೆದಿದ್ದನು. ಎರಡನೆಯ ಮಹಾಯುದ್ಧದ ತರುವಾಯ ಇಂತಹ ಹಲಗೆಗಳು ಹೇರಳವಾಗಿ ದೊರೆತಾಗ, ಕಪಾಟಿನ ಪಕ್ಕದ ಹಲಗೆಗಳಲ್ಲಿ ೫ ಮಿಲ್ಲಿಮೀಟರು ವ್ಯಾಸದ ರಂಧ್ರಗಳನ್ನು ೩೨ ಮಿಲ್ಲಿಮೀಟರಿಗೊಂದರಂತೆ ಸಾಲಾಗಿ ಕೊರೆಯುವ ಪದ್ಧತಿಯು ನೆಲೆಗೊಂಡಿತು. ಹಲಗೆಯ ಗೂಟ, ಬಾಗಿಲಿನ ತಿರುಗಣಿ, ಎಳೆಖಾನೆಯ ಜಾಡು ಎಲ್ಲವೂ ಈ ಒಂದೇ ಸಾಲಿಗೆ ಹೊಂದುತ್ತವೆ. ಇಂದು ‘ಮಾಡ್ಯುಲರ್’ ಎಂಬ ಹೆಸರಿನಿಂದ ಮನೆಮನೆಗೆ ಬರುತ್ತಿರುವ ಅಲಮಾರಿಯ ಜೀವವೆಲ್ಲ ಈ ರಂಧ್ರಗಳಲ್ಲಿದೆ. ಹೀಗಿದ್ದರೂ ಬಹು ಮನೆಗಳಲ್ಲಿ ಬಡಗಿಯು ಮೊದಲ ದಿನ ಕೂರಿಸಿದ ಹಲಗೆಯು ಹತ್ತು ವರ್ಷವಾದರೂ ಕದಲುವುದಿಲ್ಲ. ಮೇಲೆ ಗಾಳಿ ತುಂಬಿದ ಖಾನೆಯಿರುವಾಗಲೇ ಇನ್ನೊಂದು ಅಲಮಾರಿಯನ್ನು ಕೊಳ್ಳುವ ಮಾತು ನಡೆಯುತ್ತಿರುತ್ತದೆ.

ಭಾರತದಲ್ಲಿ ಗೋದ್ರೆಜ್ ಕಾರ್ಖಾನೆಯು ೧೯೨೩ರಲ್ಲಿ ಉಕ್ಕಿನ ಅಲಮಾರಿಗಳನ್ನು ಮಾಡತೊಡಗಿತು. ಗೆದ್ದಲಿಗೂ ಕಳ್ಳನಿಗೂ ಏಕಕಾಲದಲ್ಲಿ ಉತ್ತರವಾದ ಆ ಬೀರು ಮದುವೆಯ ಉಡುಗೊರೆಗಳಲ್ಲಿ ಒಂದಾಯಿತು. ಸ್ವೀಡನ್ನಿನ ಇಕಿಯ ಕಂಪನಿಯು ೨೦೧೮ರಲ್ಲಿ ಹೈದರಾಬಾದಿನಲ್ಲಿಯೂ ೨೦೨೨ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಮಳಿಗೆಗಳನ್ನು ತೆರೆದು, ಜೋಡಿಸಿಕೊಳ್ಳುವ ಅಲಮಾರಿಗಳನ್ನು ನೇರವಾಗಿ ಇಲ್ಲಿಗೆ ತಂದಿತು. ಆಳವು ಮಾತ್ರ ಬಹುಮಟ್ಟಿಗೆ ಕೋಟಿನದೇ. ಆದರೆ ಇಲ್ಲಿನ ಮನೆಯ ಬಟ್ಟೆಗಳಲ್ಲಿ ಸೀರೆ, ಪಂಚೆ, ಶಲ್ಯ, ಹೊದಿಕೆಗಳೇ ಹೆಚ್ಚು. ಇವೆಲ್ಲ ಮಡಿಕೆಯ ವಸ್ತುಗಳು. ಒಂದು ಸೀರೆಯ ಮಡಿಕೆಗೆ ೩೫ ಸೆಂಟಿಮೀಟರು ಆಳವು ಸಾಕು. ೫೮ ಸೆಂಟಿಮೀಟರಿನ ಹಲಗೆಯಲ್ಲಿ ಅದರ ಹಿಂದೆ ಇನ್ನೊಂದು ಅರೆಸಾಲು ತಾನಾಗಿಯೇ ಹುಟ್ಟಿಕೊಳ್ಳುತ್ತದೆ; ಹಿಂದೆ ಬಿದ್ದ ಸೀರೆಯು ವರ್ಷಗಟ್ಟಲೆ ಬೆಳಕು ಕಾಣುವುದಿಲ್ಲ, ಮಡಿಕೆಯಲ್ಲಿಯೇ ಜರಿಯು ಮುರಿಯುತ್ತದೆ. ಆದುದರಿಂದ ತೂಗುವ ಬಟ್ಟೆಗಳಿಗೆ ಒಂದು ಅಂಕಣವನ್ನು ಮಾತ್ರ ಪೂರ್ಣ ಆಳದಲ್ಲಿ ಬಿಟ್ಟು, ಉಳಿದುದನ್ನು ೩೫ ಸೆಂಟಿಮೀಟರಿಗೆ ಇಳಿಸುವುದು ಒಂದು ಮಾರ್ಗ; ಹಾಗೆ ಮಾಡಿದಲ್ಲಿ ಕೋಣೆಗೂ ಒಂದು ಗೇಣಿನಷ್ಟು ನೆಲ ಮರಳಿ ದೊರೆಯುವುದು. ಅಲಮಾರಿಯು ಆಗಲೇ ನಿಂತುಹೋಗಿದ್ದರೆ ಸ್ಥಿರವಾದ ಹಲಗೆಯನ್ನು ತೆಗೆದು, ೩೨ ಮಿಲ್ಲಿಮೀಟರಿನ ರಂಧ್ರಗಳಿಗೆ ಜಾಡನ್ನು ಬಿಗಿದು, ಮುಂದಕ್ಕೆ ಜಾರುವ ಗಿಡ್ಡ ಅಂಚಿನ ತಟ್ಟೆಯನ್ನು ಕೂರಿಸಬಹುದು. ಆಗ ಹಿಂದಿನ ಸಾಲು ಹಿಂದಿನದಾಗಿ ಉಳಿಯುವುದಿಲ್ಲ. ಚಿಪೆಂಡೇಲನ ಕಾಲದ ಬಡಗಿಗಳು ಬಾಗಿಲ ಹಿಂದೆ ಅಡಗಿಸುತ್ತಿದ್ದ ಆ ತಟ್ಟೆಯೇ ಈಗ ಅಂಗಡಿಗಳಲ್ಲಿ ಹೊಸ ಸೌಕರ್ಯವೆಂದು ಪ್ರತ್ಯೇಕ ಬೆಲೆಗೆ ಮಾರಾಟವಾಗುತ್ತಿದೆ.